ದೀಪ ಹಿಡಿಯುವ ಕೆಲಸ

ಚಿಂಬಲಿನಿಂದ ಬಸ್ಸು, ಆಮೇಲೆ ಫೆರಿ.
ದಿವಾಡಿಯ ದಂಡೆಗಿಳಿದು ಬದುವಿನ ಮೇಲೆ ನಡೆದರೆ
ಗದ್ದೆಗೆ ಬೆನ್ನು ಮಾಡಿ ಕೂತ ಸಣ್ಣ ಇಗರ್ಜಿ.
ದಿನಕ್ಕೆ ಏಳುನೂರು. ಕೆಲಸ: ದೀಪ ಹಿಡಿಯುವುದು.
ಕಲ್ಲು ಹೊತ್ತ ತೋಳಿಗೆ ಇದ್ಯಾವ ಭಾರ ಎಂದುಕೊಂಡಿದ್ದೆ.
ಹೊತ್ತು ಏರಿದಂತೆ ತಿಳಿಯಿತು,
ಅಲ್ಲಾಡದೆ ನಿಲ್ಲುವುದು ಬೇರೆಯೇ ಕೂಲಿ.

ಪಟ ನಮ್ಮ ಶೆಡ್ಡಿನ ಗೋಡೆಯಷ್ಟು ದೊಡ್ಡದು,
ಮೇಣದ ಹೊಗೆ ತಿಂದು ತಿಂದು ರೊಟ್ಟಿ ಹಂಚಿನ ಬಣ್ಣ.
ತಾಯಿಯಂತೆ, ತೊಡೆಯ ಮೇಲೆ ಸತ್ತ ಮಗನಂತೆ.
ಮೊದಲ ದಿನ ನನಗೆ ಕಂಡದ್ದು
ಒಂದು ಮೊಣಕಾಲು, ಒಂದು ಗಲ್ಲ.

ಒಲಿಂಡಾ ಬಾಯಿ ಹತ್ತಿ ಸುತ್ತಿದ ಕಡ್ಡಿಯನ್ನು
ನಾಲಿಗೆಗೆ ತಾಗಿಸಿ ದೇವರ ತಾಯಿಯ ಕೊರಳು ಒರೆಸಿದಳು.
ಶಿವಶಿವಾ ಎಂದೆ. ಉಗುಳಿನಿಂದ?
ಉಗುಳೇ ಎಲ್ಲಕ್ಕಿಂತ ಮೆತ್ತಗೆ ಶಂಕ್ರವ್ವಾ, ಎಂದಳು,
ನಿನ್ನ ಕೂಸಿನ ಕೆನ್ನೆಯ ಕಾಡಿಗೆಯನ್ನು
ನೀನು ಯಾವುದರಿಂದ ಒರೆಸಿದ್ದೆ?
ಹತ್ತಿ ಕಂದಾಯಿತು. ಕೊರಳು ಬೆಳಗಾಯಿತು.

ಸೆರಗು ಹಸಿರು ಎಂದೇ ಊರಿನ ನಂಬಿಕೆ.
ಹಸಿರು ಸೆರಗಿನ ಮಾಯಿ ಎಂದೇ ಅವಳ ಹೆಸರು.
ಮೂರನೇ ವಾರ, ಬಾಟಲಿಯ ಘಾಟು ನೀರು ತಾಗಿ
ಹಳದಿಗಟ್ಟಿದ ಮೆರುಗೆಣ್ಣೆ ಕರಗಿದ್ದೇ
ಹಸಿರಿನ ಹೊಟ್ಟೆಯಿಂದ ನೀಲಿ ಎದ್ದು ಬಂತು.

ದೀಪ ನಡುಗಿತು. ಕೈ ನನ್ನದೇ.
ಇದನ್ನು ನಾನು ಕಂಡಿದ್ದೇನೆ,
ಇಳಕಲ್ಲಿನ ಹಿತ್ತಲಲ್ಲಿ, ಅಜ್ಜನ ಬಾನಿಯ ಬಾಯಲ್ಲಿ:
ಅದ್ದಿ ಎತ್ತಿದ ನೂಲು ಎಳೆ ಹುಲ್ಲಿನ ಹಸಿರು,
ಗಾಳಿ ಕುಡಿದು ಕುಡಿದು ಕಣ್ಣೆದುರೇ ನೀಲಿ.
'ತಡಿ, ಮುಟ್ಟಬ್ಯಾಡ,' ಅನ್ನುತ್ತಿದ್ದ,
'ಅದು ಈಗ ಹುಟ್ಟಲಿಕ್ಕ ಹತ್ತೈತಿ.'
ಅವನ ಉಗುರ ಸಂದಿಯ ನೀಲಿ
ಅವನ ಸಂಗಡವೇ ಮಣ್ಣಿಗೆ ಹೋಯಿತು.

ಬಾಯೀ, ಇದು ಗಿಡದ ನೀಲಿ, ಎಂದೆ.
ಅವಳು ಕನ್ನಡಕ ಎತ್ತಿ ನನ್ನನ್ನು ನೋಡಿದಳು,
ಮೂರು ವಾರದಲ್ಲಿ ಮೊದಲ ಸಲ.
ಇರಬಹುದು, ಎಂದಳು. ಹಡಗಿನಲ್ಲಿ ಬರುವ ಕಲ್ಲಿನ ನೀಲಿ
ದೊರೆಗಳಿಗೆ ಮಾತ್ರ. ಬರೆದವನು ಇಲ್ಲಿಯವನೇ ಯಾರೋ.
ಹೆಸರು? ಎಲ್ಲೂ ಇಲ್ಲ.

ಬೆಳಕು ಎಲ್ಲಿಂದ ಎಂದು ಹುಡುಕಿದೆ, ಅದೇ ನನ್ನ ಕಸುಬಲ್ಲವೇ.
ಪಟದಲ್ಲಿ ಸೂರ್ಯನಿಲ್ಲ, ಹಣತೆಯಿಲ್ಲ, ಕಿಟಕಿಯಿಲ್ಲ.
ಸತ್ತವನ ಮೈಯಿಂದಲೇ ಬರುತ್ತಿದೆ.
ಅವಳ ಮುಖ ಕೆಳಗಿನಿಂದ ಬೆಳಗಿದೆ,
ಹಸಿ ಕಟ್ಟಿಗೆಯ ಒಲೆ ಊದುತ್ತ
ಬಗ್ಗಿದ ಹೆಂಗಸಿನ ಮುಖದ ಹಾಗೆ.

ಕೊನೆಗೆ ಉಳಿದದ್ದು ಕಣ್ಣೀರು.
ಬಲಗೆನ್ನೆಯ ಮೇಲೆ ಒಂದೇ ಹನಿ.
ಊರಿನ ಹರಕೆಯೆಲ್ಲ ಆ ಹನಿಗೆ. ಎಸ್ಪೆರಾನ್ಸಾ ಮಾಯ್
ದಿನಾ ಬಂದು ಹಿಂದಿನ ಬೆಂಚಿನಲ್ಲಿ ಕೂತು
ಕಣ್ಣಿನಲ್ಲೇ ಅದನ್ನು ಮುಟ್ಟಿ ಹೋಗುತ್ತಾಳೆ.

ದೀಪ ಪಕ್ಕಕ್ಕೆ ಹಿಡಿ, ಎಂದಳು ಬಾಯಿ.
ಹಿಡಿದೆ. ಹನಿಗೆ ನೆರಳು ಬಿತ್ತು.
ಬಣ್ಣಕ್ಕೆ ಅಷ್ಟು ದಪ್ಪ ಇರುವುದಿಲ್ಲ.
ಮೇಣ. ಯಾವುದೋ ಹಬ್ಬದ ನೂಕಾಟದಲ್ಲಿ
ಯಾರದೋ ಬತ್ತಿಯಿಂದ ಸಿಡಿದದ್ದು.

ಬರೆದವನು ಅವಳನ್ನು ಅಳಿಸಿರಲಿಲ್ಲ.
ಒಣಗಿದ ಕಣ್ಣು ಕೊಟ್ಟಿದ್ದ, ಅಷ್ಟೇ,
ಅತ್ತು ಮುಗಿದವಳದ್ದೋ ಇನ್ನೂ ಸುರುವಾಗದವಳದ್ದೋ.
ಈಗ ಅಳಿಸುವವರು ನಾವು.
ಎರಡಕ್ಕೂ ನಮ್ಮಲ್ಲಿ ಒಂದೇ ಮಾತು;
ಒಲಿಂಡಾ ಬಾಯಿಗೆ ಅದನ್ನು ಹೇಗೆ ಹೇಳಲಿ?

ಬ್ಲೇಡು ಕೆನ್ನೆಯಿಂದ ಒಂದು ಕೂದಲೆಳೆ ದೂರ ನಿಂತಿತ್ತು.
ಹಿಂದೆ ಜಪಮಣಿಯ ಸದ್ದು ನಿಂತಿತ್ತು.
ಏನು ಮಾಡೋಣ, ಎಂದು ಕೇಳಿದಳು,
ಎಪ್ಪತ್ತು ಮಾಡಿದ ಬಣ್ಣದ ವೈದ್ಯೆ, ದೀಪದ ಕೂಲಿಯವಳನ್ನು.

ನನ್ನ ತೋಳು ಸೋತಿತ್ತು. ಅಷ್ಟೇ ಇರಬೇಕು.
ದೀಪ ತಾನಾಗಿ ಮುಂದಕ್ಕೆ ಸರಿಯಿತು.
ನೆರಳು ಹೋಯಿತು. ಮೇಣ ಮತ್ತೆ ಕಣ್ಣೀರಾಯಿತು.
ಫೆರಿ ಕೂಗಿತು. ನಾಳೆ ನೋಡೋಣ ಎಂದು
ಬಾಯಿ ಬ್ಲೇಡಿಗೆ ಟೋಪಿ ಹಾಕಿದಳು.

ದಾಟುವಾಗ ಮಾಂಡವಿ ಹಸಿರಾಗಿತ್ತು.
ತಡಿ, ಎಂದುಕೊಂಡೆ, ಕಂಬಿ ಹಿಡಿದು.